ತಟ್ಟೆ ಸದ್ದಿಗೆ ತಿರುಗಿದರೆ ಸಾಕೆ?

ಮಗು ಹುಟ್ಟಿದ ಮನೆಯಲ್ಲಿ ಎಲ್ಲರೂ ಪರೀಕ್ಷಕರೇ. ಮೂಗು ಅಪ್ಪನದೋ ಅಮ್ಮನದೋ ಎಂದು ನೋಡುವವರು ಒಬ್ಬರು, ಕಿವಿಯ ತುದಿಯ ಬಣ್ಣ ನೋಡಿ ಮಗು ಮುಂದೆ ಕಪ್ಪಾಗುವುದೋ ಕೆಂಪಾಗುವುದೋ ಎಂದು ಭವಿಷ್ಯ ಹೇಳುವವರು ಇನ್ನೊಬ್ಬರು. ಈ ಸಾಲಿನಲ್ಲಿ ಕೇಳುವ ಶಕ್ತಿಯ ಪರೀಕ್ಷೆಯೂ ಒಂದುಂಟು. ಅಜ್ಜಿಯೊಬ್ಬರು ತೊಟ್ಟಿಲ ಹಿಂದೆ ಹೋಗಿ ನಿಂತು ಚಪ್ಪಾಳೆ ತಟ್ಟುತ್ತಾರೆ. ಇಲ್ಲವೇ ಅಡುಗೆಮನೆಯಿಂದ ಸ್ಟೀಲ್ ತಟ್ಟೆ ತಂದು ನೆಲಕ್ಕೆ ಬಿಡುತ್ತಾರೆ. ಮಗು ಬೆಚ್ಚಿ ಕೈಕಾಲು ಅಗಲಿಸುತ್ತದೆ. 'ಕಿವಿಗೇನೂ ತೊಂದರೆ ಇಲ್ಲ' ಎಂದು ತೀರ್ಪಾಗುತ್ತದೆ. ಆ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ನಾನು ವಿಜ್ಞಾನದ ಮೇಷ್ಟ್ರು. ಇಪ್ಪತ್ತೆಂಟು ವರ್ಷಗಳಿಂದ ಹಾಸನ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಶಬ್ದ, ಪ್ರತಿಧ್ವನಿ, ಕಿವಿಯ ರಚನೆ ಎಂದು ಪಾಠ ಮಾಡುತ್ತ ಬಂದವನು. ಈ ತಟ್ಟೆ ಪರೀಕ್ಷೆಯ ಬಗ್ಗೆ ನನಗೊಂದು ತಕರಾರಿದೆ. ಪರೀಕ್ಷೆ ಎಂದ ಮೇಲೆ ಅದರಲ್ಲಿ ಫೇಲಾಗುವುದಕ್ಕೂ ಅವಕಾಶವಿರಬೇಕು. ತಟ್ಟೆ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಪಾಸು. ತಟ್ಟೆ ಬಿದ್ದಾಗ ಸದ್ದಷ್ಟೇ ಅಲ್ಲ, ನೆಲವೂ ಅದುರುತ್ತದೆ. ಚಪ್ಪಾಳೆ ತಟ್ಟಿದಾಗ ಗಾಳಿ ಅಲುಗುತ್ತದೆ, ನೆರಳು ಸರಿಯುತ್ತದೆ. ಇದೆಲ್ಲ ಬಿಟ್ಟು, ಮಗುವಿಗೆ ಸದ್ದೇ ಕೇಳಿಸಿತೆಂದು ಇಟ್ಟುಕೊಳ್ಳೋಣ. ನಾವು ಆಡುವ ಮಾತು ಸುಮಾರು 60 ಡೆಸಿಬೆಲ್. ಹತ್ತಿರದಲ್ಲಿ ಬಿದ್ದ ತಟ್ಟೆಯ ಸದ್ದು ಅದಕ್ಕಿಂತ ಬಹಳ ಜೋರು. ಡೆಸಿಬೆಲ್ ಲೆಕ್ಕದಲ್ಲಿ 10 ಹೆಚ್ಚಾದರೆ ಶಬ್ದದ ತೀವ್ರತೆ ಹತ್ತು ಪಟ್ಟು, 30 ಹೆಚ್ಚಾದರೆ ಸಾವಿರ ಪಟ್ಟು. ಅಷ್ಟು ಜೋರಾದ ಸದ್ದಿಗೆ ಬೆಚ್ಚಿದ ಮಗುವಿಗೆ ತಾಯಿಯ ಲಾಲಿಯೂ ಕೇಳಿಸುತ್ತಿದೆ ಎಂದು ಹೇಗೆ ಹೇಳುವುದು?

ಈ ಮಾತು ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಒಂದು ಗುಂಪಿನ ಮಕ್ಕಳ ಬಗ್ಗೆ. ದಿನ ತುಂಬುವ ಮೊದಲೇ ಹುಟ್ಟಿ, ಅಥವಾ ಹುಟ್ಟಿದೊಡನೆ ಅಳದೆ, ಇಲ್ಲವೇ ನಂಜು, ಕಾಮಾಲೆಗಳಿಗೆ ಸಿಕ್ಕಿ, ಆಸ್ಪತ್ರೆಯ ವಿಶೇಷ ಘಟಕದಲ್ಲಿ ದಿನಗಟ್ಟಲೆ ಇದ್ದು ಮನೆಗೆ ಬರುವ ಶಿಶುಗಳವು. ನಮ್ಮ ಕಡೆ 'ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ ಮಗು' ಎನ್ನುತ್ತಾರೆ. ವೈದ್ಯರ ಭಾಷೆಯಲ್ಲಿ ಎನ್‌ಐಸಿಯು. ಸರ್ಕಾರಿ ಆಸ್ಪತ್ರೆಯಾದರೆ ಎಸ್‌ಎನ್‌ಸಿಯು. ಸಾಮಾನ್ಯವಾಗಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರಕ್ಕೆ ಶ್ರವಣದೋಷವಿರುತ್ತದೆ ಎಂಬುದು ಎಲ್ಲೆಡೆ ಒಪ್ಪಿರುವ ಅಂದಾಜು. ಗಾಜಿನ ಪೆಟ್ಟಿಗೆಯಿಂದ ಬಂದ ಮಕ್ಕಳಲ್ಲಿ ಲೆಕ್ಕ ಸಾವಿರಕ್ಕಲ್ಲ, ನೂರಕ್ಕೆ: ನೂರರಲ್ಲಿ ಎರಡರಿಂದ ನಾಲ್ಕು. ಹಿಂದೆ ಇಂಥ ಮಕ್ಕಳು ಉಳಿಯುತ್ತಿದ್ದುದೇ ಕಡಿಮೆ. ಈಗ ಜಿಲ್ಲಾ ಆಸ್ಪತ್ರೆಗಳಲ್ಲೂ ಒಂದೂಕಾಲು ಕಿಲೋ ತೂಕದ ಕೂಸುಗಳು ಬದುಕಿ ಮನೆಗೆ ಹೋಗುತ್ತಿವೆ. 2020ರಲ್ಲಿ ನಮ್ಮ ದೇಶದಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಬದುಕಿಸಿದ ಮೇಲೆ ಅವುಗಳ ಕಿವಿಯನ್ನೂ ಒಮ್ಮೆ ವಿಚಾರಿಸಬೇಕಲ್ಲವೆ?

ವಿಚಾರಿಸದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಕೆಲಸಕ್ಕೆ ಸೇರಿದ ಹೊಸತರಲ್ಲೇ ಕಂಡಿದ್ದೆ. ಆಗ ನಾನು ಬಾಡಿಗೆಗಿದ್ದ ಮನೆಯ ಎದುರಿಗೆ ಒಬ್ಬ ಹುಡುಗನಿದ್ದ. ಆರು ವರ್ಷ. ಚುರುಕು ಕಣ್ಣು. ಗೋಲಿ ಆಡುವುದರಲ್ಲಿ ಬೀದಿಗೇ ಮೊದಲಿಗ. ಮಾತು ಮಾತ್ರ ಬಾರದು. ಏಳು ತಿಂಗಳಿಗೇ ಹುಟ್ಟಿದ್ದನಂತೆ. ಪಟ್ಟಣದ ಆಸ್ಪತ್ರೆಯಲ್ಲಿ ಇಪ್ಪತ್ತೈದು ದಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿಕೊಟ್ಟಿದ್ದರಂತೆ. ಹಿಟ್ಟಿನ ಗಿರಣಿ ಶುರುವಾದರೆ ತಿರುಗಿ ನೋಡುತ್ತಿದ್ದುದರಿಂದ ಕಿವಿ ಕೇಳುತ್ತದೆ ಎಂದು ಮನೆಯವರು ನಂಬಿದ್ದರು. ಮೂರು ವರ್ಷವಾದರೂ ಮಾತು ಬಾರದಿದ್ದಾಗ 'ಅವರಪ್ಪನೂ ತಡವಾಗಿಯೇ ಮಾತು ಕಲಿತದ್ದು' ಎಂಬ ಸಮಾಧಾನ. ನಾಲಿಗೆಗೆ ಬಜೆ ತೇಯ್ದು ಹಚ್ಚಿದರು. ದೇವರಿಗೆ ಹರಕೆ ಹೊತ್ತರು. ಕೊನೆಗೆ ಮೈಸೂರಿಗೆ ಕರೆದೊಯ್ದು ತೋರಿಸಿದಾಗ ಎರಡೂ ಕಿವಿಗಳಲ್ಲಿ ತೀವ್ರ ದೋಷ ಎಂದು ಗೊತ್ತಾಯಿತು. ಹುಡುಗ ಕಿವುಡ ಮಕ್ಕಳ ವಸತಿ ಶಾಲೆಗೆ ಸೇರಿದ. ಅಲ್ಲಿ ಕೈಸನ್ನೆಯ ಭಾಷೆ ಕಲಿತ, ಹೊಲಿಗೆ ಕಲಿತ. ಈಗ ಅವನದೇ ಅಂಗಡಿಯಿದೆ, ಸಂಸಾರವಿದೆ. ನನ್ನ ಪ್ಯಾಂಟುಗಳೆಲ್ಲ ಅವನು ಹೊಲಿದವೇ.

ಅವನ ಬಾಳು ಕೆಟ್ಟಿತು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಅವನಿಗೆ ಅವಮಾನ. ಆದರೆ ಆ ಮೊದಲ ಆರು ವರ್ಷ ಅವನಿಗೆ ಯಾವ ಭಾಷೆಯೂ ಇರಲಿಲ್ಲ, ಬಾಯಿಯದೂ ಇಲ್ಲ, ಕೈಯದೂ ಇಲ್ಲ. ಹೊಟ್ಟೆ ನೋವು ಎಂದು ಹೇಳಿಕೊಳ್ಳಲು ದಾರಿಯಿರಲಿಲ್ಲ. ಅಜ್ಜಿ ಸತ್ತಾಗ ಆಕೆ ಎಲ್ಲಿ ಹೋದಳು ಎಂದು ಕೇಳಲು ದಾರಿಯಿರಲಿಲ್ಲ. ಭಾಷೆ ಕಲಿಯಲು ಮಿದುಳು ಅತಿ ಹಸಿಯಾಗಿರುವ ಕಾಲ ಅದು. ಹಸಿ ಮಣ್ಣಿಗೆ ಆಕಾರ ಕೊಟ್ಟ ಹಾಗೆ ಒಣಗಿದ ಮಣ್ಣಿಗೆ ಕೊಡಲಾಗದು. 1998ರಲ್ಲಿ ಅಮೆರಿಕದ ಕೊಲರಾಡೋದಿಂದ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಲೆಕ್ಕಹಾಕಿ ತೋರಿಸಿತು. ಆರು ತಿಂಗಳೊಳಗೆ ದೋಷ ಪತ್ತೆಯಾದ ಮಕ್ಕಳು, ಆಮೇಲೆ ಪತ್ತೆಯಾದ ಮಕ್ಕಳಿಗಿಂತ ಭಾಷೆಯಲ್ಲಿ ಸ್ಪಷ್ಟವಾಗಿ ಮುಂದಿದ್ದರು. ಅದಕ್ಕೇ ಈಗ ತಜ್ಞರು '1-3-6' ಎನ್ನುತ್ತಾರೆ: ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಣಯ, ಆರು ತಿಂಗಳೊಳಗೆ ಉಪಚಾರ ಆರಂಭ.

ಗಾಜಿನ ಪೆಟ್ಟಿಗೆಯ ಮಕ್ಕಳ ಕಿವಿಗೇ ಯಾಕೆ ಈ ಅಪಾಯ ಎಂದು ನೀವು ಕೇಳಬಹುದು. ಕಾರಣ ಒಂದಲ್ಲ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಎಂಬ ನಳಿಕೆಯಿದೆ. ಬಿಚ್ಚಿ ಅಳೆದರೆ ಸುಮಾರು 35 ಮಿಲಿಮೀಟರ್. ಅದರೊಳಗೆ ಸಾಲಾಗಿ ನಿಂತ ರೋಮಕೋಶಗಳು ಶಬ್ದದ ಅಲೆಯನ್ನು ವಿದ್ಯುತ್ ಸಂದೇಶವಾಗಿ ಬದಲಾಯಿಸುತ್ತವೆ. ಒಳಸಾಲಿನಲ್ಲಿ ಮೂರೂವರೆ ಸಾವಿರ, ಹೊರಸಾಲುಗಳಲ್ಲಿ ಹನ್ನೆರಡು ಸಾವಿರ. ಇದೇ ನಮ್ಮ ಜೀವಮಾನದ ಬಂಡವಾಳ. ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಉಸಿರು ಸಿಕ್ಕದೆ ಆಮ್ಲಜನಕ ಕಡಿಮೆಯಾದರೆ ಇವು ಬಳಲುತ್ತವೆ. ನಂಜೇರಿದ ಕೂಸಿನ ಜೀವ ಉಳಿಸಲು ಕೊಡುವ ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಔಷಧಗಳು ಇವುಗಳಿಗೆ ವಿಷವಾಗಬಲ್ಲವು. ಹಾಗೆಂದು ಔಷಧವನ್ನು ದೂರುವಂತಿಲ್ಲ. ಅದು ಇಲ್ಲದಿದ್ದರೆ ಎಷ್ಟೋ ಕೂಸುಗಳೇ ಇರುತ್ತಿರಲಿಲ್ಲ. ಕೆಲವರಲ್ಲಿ ತಾಯಿಯ ಕಡೆಯಿಂದ ಬರುವ ಒಂದು ವಂಶವಾಹಿ ದೋಷದಿಂದಾಗಿ ಈ ಔಷಧದ ಸ್ವಲ್ಪ ಪ್ರಮಾಣವೂ ಕಿವಿಯನ್ನು ಕೆಡಿಸುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆ ದೋಷವನ್ನು 26 ನಿಮಿಷಗಳಲ್ಲಿ ಕಂಡುಹಿಡಿಯುವ ಪರೀಕ್ಷೆಯನ್ನು ಶಿಶು ಘಟಕದಲ್ಲೇ ಮಾಡಿ ನೋಡಿ 2022ರಲ್ಲಿ ವರದಿ ಪ್ರಕಟಿಸಿದರು.

ಇನ್ನೊಂದು ಕಾರಣ ಕಾಮಾಲೆ. ನವಜಾತ ಶಿಶುವಿನ ಮೈ ಹಳದಿಯಾಗುವುದು ಸಾಮಾನ್ಯ. ಅದು ಮಿತಿಮೀರಿದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಮಿದುಳಿಗೆ ಹೊಕ್ಕು ಕೂರುತ್ತದೆ. ಅದಕ್ಕೆ ಬೇಗ ಬಲಿಯಾಗುವ ಜಾಗಗಳಲ್ಲಿ ಶ್ರವಣದ ನರಮಾರ್ಗವೂ ಒಂದು. ಇಲ್ಲೊಂದು ಸೂಕ್ಷ್ಮವಿದೆ. ಔಷಧ ಕೆಡಿಸುವುದು ಕಾಕ್ಲಿಯಾದ ರೋಮಕೋಶಗಳನ್ನು. ಕಾಮಾಲೆ ಕೆಡಿಸುವುದು ಅಲ್ಲಿಂದ ಮಿದುಳಿಗೆ ಹೋಗುವ ತಂತಿಯನ್ನು. ರೋಗ ಎರಡು ಜಾಗದಲ್ಲಿ ಎಂದ ಮೇಲೆ ಪರೀಕ್ಷೆಯೂ ಎರಡು ಬಗೆಯದಾಗಬೇಕು. ಈ ಒಂದು ಸಂಗತಿ ತಿಳಿಸಲೆಂದೇ ನಾನು ಈ ಲೇಖನ ಬರೆಯಲು ಕುಳಿತದ್ದು. ನನಗೆ ಅದು ಪುಸ್ತಕದಿಂದ ಮಾತ್ರ ಗೊತ್ತಾದದ್ದಲ್ಲ, ನಮ್ಮ ಮನೆಯಿಂದಲೇ ಗೊತ್ತಾಯಿತು.

2022ರ ಶ್ರಾವಣದಲ್ಲಿ ನನ್ನ ತಂಗಿಯ ಮಗಳಿಗೆ ಹೆರಿಗೆಯಾಯಿತು. ಮೂವತ್ತೊಂದು ವಾರಕ್ಕೇ ಹುಟ್ಟಿದ ಹೆಣ್ಣು ಕೂಸು. ತೂಕ ಒಂದು ಕಿಲೋ ಮುನ್ನೂರೈವತ್ತು ಗ್ರಾಂ. ನಾಲ್ಕು ದಿನ ಉಸಿರಾಟದ ಯಂತ್ರದ ಮೇಲಿತ್ತು. ಆಮೇಲೆ ನಂಜು. ಆಮೇಲೆ ಕಾಮಾಲೆ ಏರಿ, ನೀಲಿ ಬೆಳಕು ಸಾಲದೆ, ರಕ್ತವನ್ನೇ ಬದಲಾಯಿಸಿದರು. ಮೂವತ್ತನಾಲ್ಕು ದಿನಗಳ ಮೇಲೆ ಕೂಸು ಅರಸೀಕೆರೆಯ ತಂಗಿಯ ಮನೆಗೆ ಬಂತು. ಮನೆಗೆ ಬಂದಾಗಲೂ ನನ್ನ ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಹಿಡಿಯುವಷ್ಟೇ ಇತ್ತು.

ಬಿಡುಗಡೆಯ ದಿನ ಆಸ್ಪತ್ರೆಯಲ್ಲಿ ಕಿವಿಯ ತಪಾಸಣೆ ಮಾಡಿದ್ದರು. ಚೀಟಿಯಲ್ಲಿ 'ಓಎಇ: ಎರಡೂ ಕಿವಿ ಪಾಸ್' ಎಂದು ಬರೆದಿತ್ತು. ಅದರ ಕೆಳಗೆ, ಪುಟದ ಕಟ್ಟಕಡೆಗೆ, ಇನ್ನೊಂದು ಸಾಲು: 'ಬೆರಾ ಮಾಡಿಸಿ'. ಆ ಯಂತ್ರ ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಪಾಸ್ ಎಂಬ ಪದ ಓದಿದವರು ಯಾರೂ ಕೆಳಗಿನ ಸಾಲಿಗೆ ಬರಲೇ ಇಲ್ಲ. ಕೂಸನ್ನು ನೋಡಲು ಹೋದ ನಾನು, ಮೇಷ್ಟ್ರ ಅಭ್ಯಾಸ ನೋಡಿ, ಚೀಟಿಯನ್ನು ಮೊದಲಿಂದ ಕೊನೆಯವರೆಗೆ ಓದಿದೆ.

ಓಎಇ ಎಂದರೇನು ಎಂದು ಹೇಳಬೇಕಾದರೆ ಒಂದು ಸ್ವಾರಸ್ಯದ ಕಥೆ ಹೇಳಬೇಕು. ಕಿವಿ ಕೇಳುವ ಅಂಗ ಎಂದು ನಾವೆಲ್ಲ ಓದಿದ್ದೇವೆ. 1948ರಲ್ಲಿ ಕೇಂಬ್ರಿಜ್‌ನಲ್ಲಿದ್ದ ಥಾಮಸ್ ಗೋಲ್ಡ್ ಎಂಬಾತ, ಕಿವಿಯೊಳಗೆ ಶಬ್ದವನ್ನು ಹಿಗ್ಗಿಸುವ ಸಜೀವ ವ್ಯವಸ್ಥೆ ಇರಲೇಬೇಕು, ಹಾಗಿದ್ದರೆ ಕಿವಿಯಿಂದ ಸದ್ದು ಹೊರಗೂ ಬರಬೇಕು ಎಂದು ವಾದಿಸಿದ. ವಿಶ್ವದ ಹುಟ್ಟಿನ ಚರ್ಚೆಯಲ್ಲಿ ಹಾಯ್ಲ್, ಬಾಂಡಿ ಜೊತೆಗೆ ಬರುವ ಗೋಲ್ಡ್ ಈತನೇ. ಆಗ ಯಾರೂ ಈ ಮಾತಿಗೆ ಬೆಲೆ ಕೊಡಲಿಲ್ಲ. ಕಾಕ್ಲಿಯಾದ ಕೆಲಸ ವಿವರಿಸಿ 1961ರಲ್ಲಿ ನೊಬೆಲ್ ಪಡೆದ ಬೆಕೆಸಿ ಪರೀಕ್ಷಿಸಿದ್ದು ಬಹುಪಾಲು ಶವಗಳ ಕಿವಿಗಳನ್ನು. ಸತ್ತ ಕಿವಿ ಸದ್ದು ಮಾಡುತ್ತದೆಯೆ? 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಜೀವಂತ ಮನುಷ್ಯರ ಕಿವಿಯಲ್ಲಿ ಪುಟ್ಟ ಮೈಕ್ ಇಟ್ಟು, ಒಂದು 'ಟಿಕ್' ಸದ್ದು ಕೇಳಿಸಿ, ಕೆಲವು ಮಿಲಿಸೆಕೆಂಡುಗಳ ನಂತರ ಕಿವಿ ಹಿಂದಕ್ಕೆ ಕಳಿಸಿದ ಕ್ಷೀಣ ಸದ್ದನ್ನು ಹಿಡಿದ. ಗೋಲ್ಡ್ ಹೇಳಿದ್ದು ಮೂವತ್ತು ವರ್ಷಗಳ ಮೇಲೆ ನಿಜವಾಯಿತು.

ಈಗ ಶಿಶುವಿನ ಕಿವಿಗೆ ಹತ್ತಿಯಷ್ಟು ಮೆತ್ತಗಿನ ಬಿರಡೆ ಇಟ್ಟು ಮಾಡುವುದು ಇದನ್ನೇ. ಹೊರಸಾಲಿನ ರೋಮಕೋಶಗಳು ಆರೋಗ್ಯವಾಗಿದ್ದರೆ ಮರುಸದ್ದು ಬರುತ್ತದೆ. ಯಂತ್ರ 'ಪಾಸ್' ಎನ್ನುತ್ತದೆ. ಬಾರದಿದ್ದರೆ 'ರೆಫರ್'. ರೆಫರ್ ಎಂದರೆ ಕಿವುಡು ಎಂದಲ್ಲ. ಹುಟ್ಟಿದ ಮೊದಲೆರಡು ದಿನ ಕಿವಿಯಲ್ಲಿ ಉಳಿದ ದ್ರವದಿಂದಲೂ ಹಾಗಾಗಬಹುದು, ಮತ್ತೆ ನೋಡಬೇಕು ಎಂದಷ್ಟೇ ಅರ್ಥ. ಇದು ಕೆಲವೇ ನಿಮಿಷಗಳ ಪರೀಕ್ಷೆ, ನೋವಿಲ್ಲ. ಆರೋಗ್ಯವಂತ ಮಗುವಿಗೆ ಒಳ್ಳೆಯ ಮೊದಲ ತಪಾಸಣೆ.

ಆದರೆ ಓಎಇ ಕೇಳುವುದು ಕಾಕ್ಲಿಯಾವನ್ನು ಮಾತ್ರ. ಅಲ್ಲಿಂದ ಮುಂದಿನ ತಂತಿಯ ಸುದ್ದಿ ಅದಕ್ಕೆ ಗೊತ್ತಿಲ್ಲ. ಮನೆಯ ಟೆಲಿಫೋನ್ ಉಪಕರಣ ಚೆನ್ನಾಗಿದ್ದು, ಹೊರಗೆ ಕಂಬದ ತಂತಿ ತುಂಡಾಗಿದ್ದರೆ? ಅಂಥ ಸ್ಥಿತಿಗೆ 1996ರಲ್ಲಿ ತಜ್ಞರು ಆಡಿಟರಿ ನ್ಯೂರೋಪತಿ ಎಂದು ಹೆಸರಿಟ್ಟರು. ಕಿವಿ ಸದ್ದನ್ನು ಹಿಡಿಯುತ್ತದೆ, ನರ ಅದನ್ನು ಸರಿಯಾಗಿ ಸಾಗಿಸುವುದಿಲ್ಲ. ಇದು ಹೆಚ್ಚಾಗಿ ಕಾಣುವುದು ದಿನ ತುಂಬದ, ಉಸಿರಿಗೆ ಕಷ್ಟಪಟ್ಟ, ಕಾಮಾಲೆ ಏರಿದ ಶಿಶುಗಳಲ್ಲಿ. ಅಂದರೆ ಇದೇ ಗಾಜಿನ ಪೆಟ್ಟಿಗೆಯ ಮಕ್ಕಳಲ್ಲಿ. ಹೀಗಾಗಿ ಅಮೆರಿಕದ ತಜ್ಞರ ಜಂಟಿ ಸಮಿತಿ 2007ರಲ್ಲಿ, ಐದು ದಿನಕ್ಕೂ ಹೆಚ್ಚು ಕಾಲ ವಿಶೇಷ ಘಟಕದಲ್ಲಿದ್ದ ಶಿಶುಗಳಿಗೆ ಓಎಇ ಒಂದೇ ಸಾಲದು, ನರವನ್ನು ನೋಡುವ ಪರೀಕ್ಷೆ ಆಗಲೇಬೇಕು ಎಂದು ಹೇಳಿತು. ಇಂಗ್ಲೆಂಡಿನಲ್ಲಿ 48 ಗಂಟೆಗಿಂತ ಹೆಚ್ಚು ಅಲ್ಲಿದ್ದ ಶಿಶುವಿಗೆ ಎರಡೂ ಪರೀಕ್ಷೆ ಮಾಡುವುದು ಕ್ರಮ.

ಆ ನರದ ಪರೀಕ್ಷೆಯೇ ಬೆರಾ. ಹಣೆ ಮತ್ತು ಕಿವಿಯ ಹಿಂಭಾಗಕ್ಕೆ ಮೂರು ನಾಲ್ಕು ಬಿಲ್ಲೆ ಅಂಟಿಸಿ, ಕಿವಿಗೆ ಟಿಕ್ ಟಿಕ್ ಸದ್ದು ಬಿಟ್ಟು, ನರ ಮತ್ತು ಮಿದುಳುಕಾಂಡದಲ್ಲಿ ಏಳುವ ವಿದ್ಯುತ್ ಅಲೆಗಳನ್ನು ದಾಖಲಿಸುತ್ತಾರೆ. ಸದ್ದು ಹೊಕ್ಕ ಹತ್ತು ಮಿಲಿಸೆಕೆಂಡಿನೊಳಗೆ ಅಲೆಗಳೆಲ್ಲ ಎದ್ದು ಮುಗಿಯುತ್ತವೆ. ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಸಣ್ಣವು. ಇಷ್ಟು ಸಣ್ಣದನ್ನು ಹಿಡಿಯುವುದು ಹೇಗೆ? ಸಂತೆಯ ಗದ್ದಲದಲ್ಲಿ ಒಬ್ಬ ಒಂದೇ ಮಾತನ್ನು ಒಂದೇ ಲಯದಲ್ಲಿ ಸಾವಿರ ಸಲ ಕೂಗಿದನೆನ್ನಿ. ಆ ಸಾವಿರ ಕೂಗನ್ನೂ ಒಂದರ ಮೇಲೊಂದು ಇಟ್ಟು ಕೂಡಿದರೆ, ಅಡ್ಡಾದಿಡ್ಡಿ ಗದ್ದಲ ಒಂದನ್ನೊಂದು ಕಳೆದುಕೊಳ್ಳುತ್ತದೆ, ಅವನ ಕೂಗು ಮಾತ್ರ ಗಟ್ಟಿಯಾಗುತ್ತ ಹೋಗುತ್ತದೆ. ಬೆರಾ ಯಂತ್ರ ಮಾಡುವುದು ಈ ಕೂಡುವ ಲೆಕ್ಕವನ್ನೇ. ಮಗು ಅಲುಗಾಡದೆ ಮಲಗಿರಬೇಕು, ಅಷ್ಟೆ.

ಇದನ್ನೆಲ್ಲ ತಂಗಿಯ ಮನೆಯ ಹಜಾರದಲ್ಲಿ ವಿವರಿಸುವುದು ಹತ್ತನೇ ತರಗತಿಗೆ ಪಾಠ ಮಾಡಿದಷ್ಟು ಸುಲಭವಾಗಿರಲಿಲ್ಲ. ಬೀಗಿತ್ತಿ ಬಂದಿದ್ದರು. ಅವರು ಬಾಯಿ ಜೋರಿನವರಲ್ಲ, ಮೊಮ್ಮಗಳೆಂದರೆ ಪ್ರಾಣ. "ಮೇಷ್ಟ್ರೇ, ನೀವೇ ನೋಡಿದ್ರಲ್ಲ, ಗಿಲಕಿ ಅಲ್ಲಾಡಿಸಿದ್ರೆ ಹೆಂಗೆ ಕಣ್ಣರಳಿಸ್ತದೆ! ಆಸ್ಪತ್ರೇಲೇ ಪಾಸು ಅಂತ ಬರ್ದವ್ರೆ. ಮತ್ಯಾಕೆ ಆ ಎಳೆ ತಲೆಗೆ ವೈರು ಅಂಟಿಸೋದು? ಕರೆಂಟು ಕೊಡ್ತಾರಂತೆ" ಎಂದರು. "ಕರೆಂಟು ಕೊಡೋದಲ್ಲ ಕಣಮ್ಮ, ಮಗೂ ತಲೇಲಿರೋ ಕರೆಂಟನ್ನ ಓದೋದು. ಜ್ವರ ನೋಡೋ ಥರ್ಮಾಮೀಟರು ಮೈಗೆ ಬಿಸಿ ಕೊಡುತ್ತಾ?" ಎಂದೆ. ಅದಕ್ಕೆ ಅವರು ಒಪ್ಪಿದರು. ಆದರೆ ಅವರ ಮನಸ್ಸಿನಲ್ಲಿದ್ದುದು ಬೇರೆಯೇ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಣ್ಣು ಕೂಸು. ಕಿವುಡು ಅಂತ ಕಾಗ್ದದಲ್ಲಿ ಬರ್ದುಬಿಟ್ರೆ ನಾಳೆ ಆ ಕಾಗ್ದಾನ ಎಲ್ಲಿ ಬಚ್ಚಿಡೋಣ?" ಎಂದರು.

ಈ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರವಿಲ್ಲ. ತಂಗಿಯೂ ತಲೆ ತಗ್ಗಿಸಿದಳು. ಒಳಕೋಣೆಯಲ್ಲಿ ಕೂಸನ್ನು ಎತ್ತಿಕೊಂಡು ಕುಳಿತಿದ್ದ ಬಾಣಂತಿಯೇ ಉತ್ತರ ಕೊಟ್ಟಳು. "ಹೋಗೋಣ ಮಾವ. ಕಾಗ್ದ ಬಚ್ಚಿಡಬೋದು, ಮಗೂನ ಬಚ್ಚಿಡೋಕಾಗುತ್ತಾ?"

ನವೆಂಬರಿನಲ್ಲಿ ಮೈಸೂರಿಗೆ ಹೊರಟೆವು. ದಿನ ತುಂಬಬೇಕಾಗಿದ್ದ ತಾರೀಖಿನಿಂದ ಲೆಕ್ಕ ಹಿಡಿದರೆ ಕೂಸಿಗೆ ಆಗ ಒಂದು ತಿಂಗಳು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಲ್ಲಿ ಆರಂಭವಾದದ್ದು. ನಮ್ಮ ರಾಜ್ಯದಲ್ಲೇ ಇದೆ ಎಂಬುದು ನಮ್ಮ ಪುಣ್ಯ. ಪರೀಕ್ಷೆಯ ವೇಳೆಗೆ ಮಗು ನಿದ್ದೆ ಮಾಡಬೇಕು, ಹಾಗಾಗಿ ದಾರಿಯಲ್ಲಿ ನಿದ್ದೆ ಮಾಡಲು ಬಿಡಬೇಡಿ ಎಂದು ಮೊದಲೇ ಹೇಳಿದ್ದರು. ರೈಲಿನ ಲಾಲಿಗೆ ದೊಡ್ಡವರೇ ತೂಕಡಿಸುತ್ತಾರೆ, ಕೂಸು ಕೇಳುತ್ತದೆಯೆ? ಅಂಗಾಲು ಕಚಗುಳಿ ಇಟ್ಟದ್ದಾಯಿತು, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿದ್ದಾಯಿತು. ಹೊಳೆನರಸೀಪುರದಲ್ಲಿ ಹತ್ತಿದ ಹೆಂಗಸೊಬ್ಬರು "ಪಾಪ, ಮಲಗೋಕೆ ಬಿಡ್ರಪ್ಪಾ" ಎಂದು ನಮ್ಮನ್ನು ಗದರಿಸಿದರು. ವಿಷಯ ತಿಳಿದ ಮೇಲೆ ಅವರೂ ಕೂಸಿನ ಕೆನ್ನೆ ತಟ್ಟುತ್ತ ಮೈಸೂರಿನವರೆಗೆ ಬಂದರು.

ಮಧ್ಯಾಹ್ನ ಹಾಲು ಕುಡಿದ ಕೂಸು ಪರೀಕ್ಷೆಯ ಕೋಣೆಯಲ್ಲಿ ಗಾಢವಾಗಿ ಮಲಗಿತು. ಮೊದಲು ಮತ್ತೆ ಓಎಇ ಮಾಡಿದರು. ಪಾಸ್. ಆಮೇಲೆ ಬೆರಾ. ಪರದೆಯ ಮೇಲೆ ಗೆರೆ ಓಡುತ್ತಿತ್ತು. ಎಲ್ಲಿ ಎಷ್ಟು ಎತ್ತರ ಏಳಬೇಕು ಎಂಬುದು ನನಗೆ ಪುಸ್ತಕದ ಚಿತ್ರದಿಂದ ಗೊತ್ತಿತ್ತು. ಏಳಲಿಲ್ಲ. ಸದ್ದು ಹೆಚ್ಚಿಸಿದರು, ಗೆರೆ ಹಾಗೇ ಇತ್ತು. ಇನ್ನೂ ಹೆಚ್ಚಿಸಿದರು. ಆ ಸದ್ದಿಗೆ ನಾನಾಗಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಕೂಸು ನೆಮ್ಮದಿಯಾಗಿ ನಿದ್ದೆ ಮಾಡುತ್ತಿತ್ತು. ಅದರ ತಾಯಿ ಪರದೆಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

ಆಡಿಯಾಲಜಿಸ್ಟ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಮ್ಮನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಕಿವಿಯ ಒಳಗಿನ ಭಾಗ ಕೆಲಸ ಮಾಡುತ್ತಿದೆ, ನರದ ಸಂದೇಶ ಸರಿಯಾಗಿ ಮೇಲೆ ಹೋಗುತ್ತಿಲ್ಲ. ಇಂಥ ಕೆಲವು ಮಕ್ಕಳಲ್ಲಿ ಮೊದಲ ಒಂದು ಒಂದೂವರೆ ವರ್ಷದಲ್ಲಿ ನರ ಪಕ್ವವಾಗುತ್ತ ಸುಧಾರಿಸುವುದುಂಟು. ಕೆಲವರಲ್ಲಿ ಇಲ್ಲ. ಈಗಲೇ ಯಾವುದನ್ನೂ ಖಚಿತವಾಗಿ ಹೇಳಲಾಗದು, ತಪ್ಪದೆ ಬರುತ್ತಿರಬೇಕು. ಆದರೆ ಕಾಯುತ್ತ ಸುಮ್ಮನೆ ಕೂರಬಾರದು. ಮಗುವಿನ ಮುಖಕ್ಕೆ ಮುಖ ಕೊಟ್ಟು, ಬೆಳಕಿನಲ್ಲಿ ಕೂತು, ಕೈಸನ್ನೆ ಸೇರಿಸಿ ಮಾತಾಡಬೇಕು. ಟಿ.ವಿ. ಆರಿಸಿ ಗದ್ದಲ ಕಡಿಮೆ ಮಾಡಬೇಕು. ಭಾಷೆ ಯಾವ ಬಾಗಿಲಿನಿಂದಾದರೂ ಒಳಗೆ ಹೋಗುತ್ತಿರಬೇಕು.

ಫೆಬ್ರವರಿಯಲ್ಲಿ ಮತ್ತೆ ಹೋದೆವು. ಜೋರು ಸದ್ದಿಗೆ ಒಂದು ಸಣ್ಣ ಅಲೆ ಕಂಡಿತು. ವರ್ಷ ತುಂಬಿದಾಗ ಅಲೆ ಇನ್ನಷ್ಟು ಸ್ಪಷ್ಟವಾಯಿತು, ಆದರೆ ಪೂರ್ತಿ ಸರಿಹೋಗಲಿಲ್ಲ. ಸದ್ದು ಬಂದ ಕಡೆ ಆಟಿಕೆ ಬೆಳಗುವಂತೆ ಮಾಡಿ ಮಗು ತಿರುಗುವುದನ್ನು ನೋಡುವ ಪರೀಕ್ಷೆಯನ್ನೂ ಮಾಡಿ, ಎರಡೂ ಕಿವಿಗೆ ಶ್ರವಣ ಸಾಧನ ಕೊಟ್ಟರು. ಈಗ ಮಗುವಿಗೆ ಮೂರು ತುಂಬಿದೆ. ತರಬೇತಿ ನಡೆಯುತ್ತಿದೆ. ಮಾತು ವಯಸ್ಸಿಗೆ ಸ್ವಲ್ಪ ಹಿಂದು, ಸಾಲದ್ದಕ್ಕೆ ಕೈಸನ್ನೆ ಇದೆ. ಗದ್ದಲವಿದ್ದರೆ ಕಷ್ಟ, ಮದುವೆ ಮನೆಯಲ್ಲಿ ಅಮ್ಮನ ಸೆರಗು ಬಿಡುವುದಿಲ್ಲ. ಸಾಧನದ ಬ್ಯಾಟರಿ ಮುಗಿದರೆ ಬೀಗಿತ್ತಿಯ ಬಳಿಗೆ ಹೋಗಿ ಕಿವಿ ತೋರಿಸುತ್ತಾಳೆ. ಬದಲಾಯಿಸುವುದನ್ನು ಮನೆಯಲ್ಲಿ ಮೊದಲು ಕಲಿತವರು ಅವರೇ.

'ಪಾಸ್' ಎಂಬ ಪದಕ್ಕೇ ನಾವು ನಿಂತುಬಿಟ್ಟಿದ್ದರೆ? ಮಗು ಗಿಲಕಿಗೆ ನಗುತ್ತಿತ್ತು, ತಟ್ಟೆಗೆ ಬೆಚ್ಚುತ್ತಿತ್ತು, ಗುಟುರು ಹಾಕಿ 'ಊಂ ಊಂ' ಎಂದು ಸದ್ದು ಮಾಡುತ್ತಿತ್ತು. ಪೂರ್ತಿ ಕಿವುಡಾದ ಶಿಶುವೂ ಮೊದಲ ತಿಂಗಳುಗಳಲ್ಲಿ ಹೀಗೆ ಸದ್ದು ಮಾಡುತ್ತದೆ, ಆಮೇಲೆ ನಿಧಾನವಾಗಿ ಕಡಿಮೆಯಾಗುತ್ತದೆ. ಮೂರು ವರ್ಷದವರೆಗೆ ನಾವೂ 'ಅವಳಜ್ಜಿಯೂ ತಡವಾಗಿ ಮಾತಾಡಿದ್ದು' ಎನ್ನುತ್ತಿದ್ದೆವೋ ಏನೋ.

ಸರ್ಕಾರದ ಕಡೆಯಿಂದ ವ್ಯವಸ್ಥೆ ಇಲ್ಲವೆಂದಲ್ಲ. ಕಿವುಡುತನ ತಡೆಗಟ್ಟುವ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲಿ ಶುರುವಾಯಿತು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಕಿವುಡುತನವೂ ಸೇರಿದೆ. ಜಿಲ್ಲಾ ಮಟ್ಟದಲ್ಲಿ ಶೀಘ್ರ ಉಪಚಾರ ಕೇಂದ್ರಗಳು ಇರಬೇಕೆಂಬುದು ಅದರ ಭಾಗ. ಯಂತ್ರ ದುಬಾರಿ, ಎಲ್ಲ ಆಸ್ಪತ್ರೆಗೂ ಕೊಳ್ಳಲಾಗದು ಎಂಬ ಮಾತಿಗೆ ಕೇರಳದ ಕೊಚ್ಚಿಯ ಮಕ್ಕಳ ವೈದ್ಯರು 2003ರಲ್ಲೇ ಉತ್ತರ ಕಂಡುಕೊಂಡರು. ಒಂದೇ ಯಂತ್ರವನ್ನು ಹಿಡಿದು ತರಬೇತಾದ ಸಿಬ್ಬಂದಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಶಿಶುಗಳನ್ನು ಪರೀಕ್ಷಿಸುತ್ತಾರೆ; ವಿಶೇಷ ಘಟಕದಲ್ಲಿದ್ದ ಮಕ್ಕಳಿಗೆ ಬೆರಾ ಆಗಲೇಬೇಕು. ಊರಿಗೊಂದು ರೋಡ್ ರೋಲರ್ ಬೇಕಿಲ್ಲ, ತಾಲ್ಲೂಕಿಗೊಂದಿದ್ದು ಸುತ್ತಿದರೆ ಸಾಕು ಎಂಬಂತೆ. ನಮ್ಮ ಜಿಲ್ಲೆಗಳಲ್ಲೂ ಇದು ಆಗದ ಕೆಲಸವೇನಲ್ಲ.

ಅದಾಗುವವರೆಗೆ ಮನೆಯವರು ಮಾಡಬಹುದಾದದ್ದು ಇದೆ. ನಿಮ್ಮ ಮನೆಯಲ್ಲೋ ಬಂಧುಗಳಲ್ಲೋ ಗಾಜಿನ ಪೆಟ್ಟಿಗೆಯಲ್ಲಿದ್ದು ಬಂದ ಶಿಶುವಿದ್ದರೆ ಆಸ್ಪತ್ರೆಯವರನ್ನು ಮೂರು ಮಾತು ಕೇಳಿ. ಕಿವಿಯ ತಪಾಸಣೆ ಆಗಿದೆಯೆ? ಆಗಿದ್ದರೆ ಓಎಇ ಮಾತ್ರವೋ, ಬೆರಾ ಕೂಡ ಆಗಿದೆಯೋ? ಮುಂದೆ ಯಾವಾಗ ತೋರಿಸಬೇಕು? ಈ ಮೂರನೆಯದು ಮರೆಯಬೇಡಿ. ಗರ್ಭದಲ್ಲೇ ತಗಲಿದ ಕೆಲವು ವೈರಸ್ ಸೋಂಕುಗಳಲ್ಲಿ, ಮಿದುಳುಪೊರೆಯ ಜ್ವರ ಬಂದವರಲ್ಲಿ, ಮನೆತನದಲ್ಲಿ ಕಿವುಡುತನ ಇದ್ದವರಲ್ಲಿ ಹುಟ್ಟಿದಾಗ ಸರಿಯಿದ್ದ ಕಿವಿ ಆಮೇಲೆ ಮಂದವಾಗಬಹುದು. ಎರಡೂ ಪರೀಕ್ಷೆ ಪಾಸಾದ ಮಗುವನ್ನೂ ಗಮನಿಸುತ್ತಿರಬೇಕು. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, 'ಅಮ್ಮ', 'ತಾತ' ಎಂಬಂಥ ಮಾತೇ ಬಾರದಿದ್ದರೆ, ಬಜೆ ತೇಯುತ್ತ ಕೂರದೆ ಕರೆದೊಯ್ಯಿರಿ. ದೂರವಾದರೆ ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ, ಹತ್ತಿರದ ಕೇಂದ್ರ ಯಾವುದೆಂದು ಕೇಳಿಕೊಳ್ಳಿ.

ಎಂಟನೇ ತರಗತಿಗೆ ಮಕ್ಕಳು ಸೇರುವಾಗ ತಂದೆತಾಯಿಯರು ಪ್ಲಾಸ್ಟಿಕ್ ಕವರಿನಲ್ಲಿ ದಾಖಲೆಗಳನ್ನೆಲ್ಲ ತರುತ್ತಾರೆ. ಜಾತಿ ಪತ್ರ, ಆಧಾರ್, ವರ್ಗಾವಣೆ ಪತ್ರ. ಕೆಲವರ ಕವರಿನ ತಳದಲ್ಲಿ ಮಾಸಿದ ಆಸ್ಪತ್ರೆ ಚೀಟಿಯೂ ಇರುತ್ತದೆ. ಹುಟ್ಟಿದ ತಾರೀಖಿಗೆ ಆಧಾರವಾಗಲಿ ಎಂದು ಇಟ್ಟುಕೊಂಡಿರುತ್ತಾರೆ. ಈಚೆಗೆ ನಾನು ಅಂಥ ಚೀಟಿ ಸಿಕ್ಕಿದರೆ ಕೊನೆಯ ಸಾಲನ್ನೂ ಓದುತ್ತೇನೆ. ಹೋದ ಜೂನ್‌ನಲ್ಲಿ ಒಂದರಲ್ಲಿ 'ಶ್ರವಣ ಪರೀಕ್ಷೆಗೆ ಬರುವುದು' ಎಂದಿತ್ತು. "ಹೋಗಿದ್ರಾ?" ಎಂದು ಕೇಳಿದೆ. "ಇಲ್ಲ ಸಾರ್, ಮಗು ಚೆನ್ನಾಗೇ ಇತ್ತಲ್ಲ" ಎಂದರು. ಅದೃಷ್ಟಕ್ಕೆ ಹುಡುಗನ ಕಿವಿ ಚೆನ್ನಾಗಿಯೇ ಇದೆ. ಅದನ್ನು ಅದೃಷ್ಟಕ್ಕೆ ಬಿಡಬೇಕಾದ ಕಾಲ ಈಗಿಲ್ಲ.